ಮೂಗು ಮೇಸ್ತ್ರಿ ಮತ್ತು ಬಿಗಿ ಮುಚ್ಚಳ

ಆ ಮೂಗು ನೋಡುವುದಕ್ಕೇನೂ ಘನಂದಾರಿ ಮೂಗಾಗಿರಲಿಲ್ಲ. ನಡುವೆ ಸ್ವಲ್ಪ ಉಬ್ಬಿ, ತುದಿಯಲ್ಲಿ ಎಡಕ್ಕೆ ವಾಲಿ, ಎಂದೋ ಸ್ಪ್ಯಾನರ್ ಜಾರಿ ಬಡಿದ ಗಾಯದ ಗುರುತನ್ನು ಬಲ ಹೊಳ್ಳೆಯ ಪಕ್ಕ ಹೊತ್ತುಕೊಂಡು, ಯಾರೋ ಆತುರದಲ್ಲಿ ಮುಖಕ್ಕೆ ಅಂಟಿಸಿ ಹೋದಂತಿತ್ತು. ಆದರೆ ಗ್ಯಾರೇಜುಗಳ ಆ ಬೀದಿಯಲ್ಲಿ ಮೂಗಿಗೆ ಇದ್ದ ಮರ್ಯಾದೆ ಮೂಗಿನ ಒಡೆಯನಿಗೂ ಇರಲಿಲ್ಲ. ಒಡೆಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಕರೆಂಟ್ ಬಿಲ್ ಹಂಚುವವನನ್ನು ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವನು ಮೂಗು ಮೇಸ್ತ್ರಿ.

ಸೋದರಮಾವನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಕಾಲಕ್ಕೇ ಮೂಗಿನ ಪ್ರತಾಪ ಬಯಲಿಗೆ ಬಂದಿತ್ತು. ಸುಟ್ಟ ಕ್ಲಚ್ಚಿಗೆ ಒಂದು ವಾಸನೆ, ಕಾದ ಬ್ರೇಕಿಗೆ ಇನ್ನೊಂದು, ಬೆಲ್ಟು ಸವೆಯುವುದಕ್ಕೆ ಮತ್ತೊಂದು. ಇಂಜಿನ್ನನ್ನು ತಣ್ಣಗಿಡುವ ಕೂಲಂಟ್ ಸೋರಿ ಬಿಸಿ ಕಬ್ಬಿಣಕ್ಕೆ ತಾಗಿದರಂತೂ, ಸಕ್ಕರೆ ಪಾಕ ತಳ ಹಿಡಿಯುವ ಮುಂಚೆ ಏಳುತ್ತದಲ್ಲ, ಅಂಥ ಒಂದು ಸಿಹಿ. ಉಳಿದವರು ಗಾಡಿಯ ಕೆಳಗೆ ಅಂಗಾತ ಮಲಗಿ ಟಾರ್ಚು ಬಿಟ್ಟು ಹುಡುಕುವಷ್ಟರಲ್ಲಿ ಇವನು ಬಾನೆಟ್ಟಿನ ಮೇಲೆ ಬಗ್ಗಿ, ಒಂದು ಸಲ ಉಸಿರೆಳೆದು, "ಮೇಲಿನ ಪೈಪು, ಕ್ಲಿಪ್ಪಿನ ಹತ್ರ" ಎಂದುಬಿಡುತ್ತಿದ್ದ. ಹೌದೇ ಹೌದು, ಅಲ್ಲೇ ಇರುತ್ತಿತ್ತು.

ಹೊಗಳಿಕೆ ಬಂದಮೇಲೆ ಆಡಂಬರ ಹಿಂದೆಯೇ ಬಂತು. ಗಾಡಿ ನೋಡುವುದೆಂದರೆ ಅವನಿಗೆ ದರ್ಬಾರು. ಮೊದಲು ಬೀದಿಯ ರೇಡಿಯೋ ಬಂದ್ ಆಗಬೇಕು. ಆಮೇಲೆ ಕನ್ನಡಕ ತೆಗೆದು ಜೇಬಿಗಿಡುವುದು. ಆಮೇಲೆ ಬಿಳಿ ಕರವಸ್ತ್ರದಿಂದ, ರಾಜ ಯುದ್ಧಕ್ಕೆ ಮುಂಚೆ ಕತ್ತಿ ಒರೆಸಿಕೊಂಡ ಹಾಗೆ, ಮೂಗು ಒರೆಸಿಕೊಳ್ಳುವುದು. ಕೊನೆಗೆ ಕಣ್ಣು ಮುಚ್ಚಿ, ಕತ್ತು ಮುಂದೆ ಚಾಚಿ, ದೀರ್ಘವಾದ ಒಂದು ಉಸಿರು. ಅಷ್ಟಾದಮೇಲೆ ತೀರ್ಪು. ತೀರ್ಪಿನ ಬಾಲಕ್ಕೆ ಒಂದು ಚಂದದ ಮಾತು ಕಟ್ಟುವುದು ಅವನ ಚಟ. ಅವನ ಮಾತು ಎದುರಿನ ಟೀ ಅಂಗಡಿಯಲ್ಲಿ ಸಂಜೆಯವರೆಗೆ ಓಡಾಡುತ್ತಿತ್ತು. ಅಲ್ಲಿ ಅದು ಓಡಾಡುವುದನ್ನು ಕೇಳಲೆಂದೇ ಅವನು ಒಂದು ಟೀ ಹೆಚ್ಚಿಗೆ ಕುಡಿಯುತ್ತಿದ್ದ.

ಬೀದಿಯ ಆ ತುದಿಯಲ್ಲಿ ಇವನಿಗೊಬ್ಬ ಎದುರಾಳಿ. ಎಲ್ಲಕ್ಕೂ ಒಂದು ಅಳತೆಯ ಯಂತ್ರ ಇಟ್ಟುಕೊಂಡಿದ್ದರಿಂದ ಅವನಿಗೆ ಮೀಟರ್ ಎಂದೇ ಹೆಸರು. ಕೂಲಂಟ್ ಟ್ಯಾಂಕಿನ ಬಾಯಿಗೆ ಕೂರಿಸಿ, ಗಾಳಿ ಹೊಡೆದು, ಮುಳ್ಳು ಇಳಿಯುತ್ತದೋ ಇಲ್ಲವೋ ನೋಡುವ ಪಂಪೊಂದು ಅವನಲ್ಲಿತ್ತು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. "ಮೂಗಿಲ್ಲದೋರು ಪಂಪ್ ಹೊಡೀಬೇಕಪ್ಪ, ಪಾಪ" ಎಂದು ನಮ್ಮ ಮೇಸ್ತ್ರಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಹೀಗಿರುವಾಗ ಚಳಿಗಾಲದಲ್ಲಿ ಅವನಿಗೊಂದು ಕೆಟ್ಟ ಜ್ವರ ಬಂತು. ಬಂದದ್ದು ಹೋಯಿತು. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ.

ಅದು ಅವನಿಗೆ ಗೊತ್ತಾದದ್ದು ಒಲೆಯ ಮುಂದೆ. ಹಾಲು ನೋಡಿಕೊಳ್ಳಿ ಎಂದು ಹೇಳಿ ಹೆಂಡತಿ ಹಿತ್ತಲಿಗೆ ಹೋಗಿದ್ದಳು. ಅವನು ಅಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದ. ಹಾಲು ಉಕ್ಕಿ, ಹರಿದು, ಹೊತ್ತಿ, ಪಾತ್ರೆ ಕಪ್ಪಾಗಿ, ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿ "ಏನ್ರೀ ಅದು ಸುಡ್ತಿರೋದು?" ಎಂದು ಕೂಗಿದರೂ ಇವನು ಕ್ರೀಡಾಪುಟದಲ್ಲೇ ಇದ್ದ.

"ರೀ, ಹಾಲಿಗೂ ನಿಮಗೂ ಮಧ್ಯೆ ಒಂದು ಗೇಣಿತ್ತು! ಊರಿನ ಗಾಡಿಗಳೆಲ್ಲ ಮೂಸ್ತೀರಿ, ಸ್ವಂತ ಮನೆ ಹಾಲು ಮೂಸೋಕಾಗ್ಲಿಲ್ವಾ?" ಎಂದಳು ಹೆಂಡತಿ.

"ಯೋಚನೆಯಲ್ಲಿದ್ದೆ" ಎಂದ. ಆಮೇಲೆ ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡು ಸೋಪು ಮೂಸಿದ, ಸೀಮೆಎಣ್ಣೆ ಮೂಸಿದ, ತನ್ನದೇ ಕಾಲುಚೀಲವನ್ನು ಎತ್ತಿ ಮೂಸಿದ. ಇಡೀ ಮನೆಯವರು ಮಾರು ದೂರ ಓಡುತ್ತಿದ್ದ ಆ ಕಾಲುಚೀಲವೂ ಈಗ ಬರೀ ಬಟ್ಟೆ. ಬೀದಿಯ ಬ್ರಹ್ಮಾಸ್ತ್ರ ತುಕ್ಕು ಹಿಡಿದಿತ್ತು.

ಯಾರಿಗೂ ಹೇಳಲಿಲ್ಲ. ಇಂದಲ್ಲ ನಾಳೆ ಬರುತ್ತದೆ ಎಂದುಕೊಂಡ. ಅಷ್ಟರವರೆಗೆ ಕಣ್ಣು, ಕಿವಿ, ಅನುಭವ ಇಷ್ಟನ್ನೇ ನೆಚ್ಚಿಕೊಂಡು ನಡೆಸಿದ. ಕನ್ನಡಕ, ಕರವಸ್ತ್ರ, ಉಸಿರು ಎಲ್ಲ ಹಾಗೇ ಇದ್ದವು, ಗುಡಿಯೊಳಗಿನ ವಿಗ್ರಹ ಮಾತ್ರ ಕಳುವಾಗಿತ್ತು. ಹೆಚ್ಚಿನ ಗಾಡಿಗಳು ಕಣ್ಣಿಗೆ ಕಾಣುವ ಹಾಗೇ ಕೆಡುತ್ತವೆ, ಹಾಗಾಗಿ ಬಚಾವಾದ. ಪಟ್ಟದಾನೆ ಬರುವವರೆಗೆ.

ಪಟ್ಟದಾನೆ ಎಂದರೆ ಹಲ್ಲಿನ ಡಾಕ್ಟರಮ್ಮನ ಕಾರು. ಒಂದು ಕಾಲಕ್ಕೆ ಮಂತ್ರಿಗಳ ಹಿಂದೆ ಓಡಾಡುವಂಥ ಭಾರೀ ವಿದೇಶಿ ಜಾತಿ. ಎತ್ತರದ ಮೈ, ಚರ್ಮದ ಸೀಟು, ಕತ್ತಲಾದರೆ ತಾನೇ ದೀಪ ಹಚ್ಚಿಕೊಳ್ಳುವ ಬುದ್ಧಿ. ಈಗ ವಯಸ್ಸಾಗಿ ಬಾಗಿಲು ತೆಗೆದರೆ ನರಳುತ್ತಿತ್ತು, ಕಿಟಕಿ ಏರಿಸಿದರೆ ಯೋಚಿಸುತ್ತಿತ್ತು. ಡಾಕ್ಟರಮ್ಮನ ಗಂಡ ಇಷ್ಟಪಟ್ಟು ಕೊಂಡದ್ದು. ಅವರು ಹೋದಮೇಲೆ ಮಾರಲು ಮನಸ್ಸು ಬಾರದೆ ಇಟ್ಟುಕೊಂಡಿದ್ದರು. ಅದರ ಮಾವುತ, ಅಂದರೆ ಡ್ರೈವರು, ಮೇಸ್ತ್ರಿಯ ಹೆಂಡತಿಯ ಅಣ್ಣ. ಮೇಸ್ತ್ರಿಗೆ ಅವರು ಭಾವ. ಅವರಿಗೂ ಮೇಸ್ತ್ರಿ ಭಾವನೇ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಭಾವ ಎಂದು ಬಹುವಚನದಲ್ಲಿ ಕರೆದುಕೊಂಡು, ಬಾಗಿಲಲ್ಲಿ ನೀವು ಮೊದಲು ನೀವು ಮೊದಲು ಎಂದು ಉಪಚಾರ ಮಾಡಿಕೊಂಡು, ವರ್ಷಗಟ್ಟಲೆ ಒಂದು ಒರಟು ಮಾತಿಲ್ಲದೆ ಬಾಳಿದವರು. ತಮ್ಮ ಹೆಂಡತಿ ಸತ್ತಮೇಲೆ ಭಾವ ಡಾಕ್ಟರಮ್ಮನ ಕಾರ್ ಶೆಡ್ಡಿನ ಪಕ್ಕದ ಕೋಣೆಯಲ್ಲೇ ಇರುತ್ತಿದ್ದರು.

"ಮೇಸ್ತ್ರಿ, ಕೂಲಂಟ್ ಕಮ್ಮಿ ಆಗ್ತಾನೇ ಇದೆಯಂತೆ. ಮತ್ತೆ ಮತ್ತೆ ತುಂಬಿಸ್ತಿದೀನಿ ಅಂತಾರೆ ಇವರು" ಎಂದರು ಡಾಕ್ಟರಮ್ಮ. "ನೆಲದಲ್ಲಿ ಮಾತ್ರ ಒಂದು ಹನಿ ಕಾಣಲ್ಲ. ಸೋರ್ತಿದ್ಯಾ ಇಲ್ವಾ, ಹೇಳಿ."

ಟೀ ಅಂಗಡಿಯವರು ಲೋಟ ಹಿಡಿದು ಈಚೆ ಬಂದರು. ರೇಡಿಯೋ ಬಂದ್ ಆಯಿತು. ಕನ್ನಡಕ ಜೇಬಿಗೆ, ಕರವಸ್ತ್ರ ಮೂಗಿಗೆ. ಮೇಸ್ತ್ರಿ ಕಣ್ಣು ಮುಚ್ಚಿ ಉಸಿರೆಳೆದ. ಒಳಗೆ ಹೋದದ್ದು ಬರೀ ಗಾಳಿ. ಪೈಪು ಮುಟ್ಟಿ ನೋಡಿದ, ಒಣಗಿತ್ತು. ನೆಲ ನೋಡಿದ, ಒಣಗಿತ್ತು. ಅಲ್ಲಿಗೆ ಬಾಯಿ ಮುಚ್ಚಿಕೊಂಡು, ಗಾಡಿ ಬಿಟ್ಟು ಹೋಗಿ, ನೋಡೋಣ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎದುರಿಗೆ ಅಷ್ಟು ಜನ ಲೋಟ ಹಿಡಿದು ಕಾಯುತ್ತಿದ್ದರು.

"ಸೋರಿಕೆ ಇಲ್ಲ" ಎಂದ. ಬರೀ ಅಷ್ಟು ಹೇಳಿದರೆ ತೀರ್ಪು ಬೋಳಾಗಿ ಕಂಡಿತು. "ತುಂಬಿಸೋರು ತುಂಬಿಸಿದ್ರೆ, ಕಮ್ಮಿ ಆಗೋದು ಯಾಕೆ ತಾಯಿ?"

ಜನ ನಕ್ಕರು. ಭಾವನೂ ನಕ್ಕರು, ತಮಾಷೆ ಎಂದುಕೊಂಡು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಆ ಮಾತನ್ನು ಮಡಿಸಿ ಮನಸ್ಸಿನಲ್ಲಿಟ್ಟುಕೊಂಡು ಹೋದರು.

ಸ್ವಲ್ಪ ದಿನಕ್ಕೇ ಪಟ್ಟದಾನೆ ಡಾಕ್ಟರಮ್ಮನನ್ನು ಕೂರಿಸಿಕೊಂಡು ಹೋಗುತ್ತ ನಡುರಸ್ತೆಯಲ್ಲಿ ಕೆಂಪು ದೀಪ ಹಚ್ಚಿ, ಬುಸ್ಸೆಂದು ಹಬೆ ಬಿಟ್ಟು ನಿಂತುಬಿಟ್ಟಿತು. ಟ್ಯಾಂಕು ಖಾಲಿ. "ನೆನ್ನೆ ಬೆಳಿಗ್ಗೆ ತಾನೇ ಹಾಕಿದ್ದೆ ಅಮ್ಮ" ಎಂದರು ಭಾವ. ಮಡಿಸಿಟ್ಟಿದ್ದ ಮಾತು ಆಗ ಬಿಚ್ಚಿಕೊಂಡಿತು. "ಹಾಕಿದ್ರೆ ಎಲ್ಲಿಗೆ ಹೋಯ್ತು? ಮೇಸ್ತ್ರಿ ಹೇಳಿದ್ದು ನೀವೂ ಕೇಳಿಸ್ಕೊಂಡ್ರಲ್ಲ. ಮಾಡದೇ ಇರೋದನ್ನ ಮಾಡಿದೀನಿ ಅನ್ನೋರ ಹಿಂದೆ ನಾನು ಕೂತ್ಕೊಳ್ಳಲ್ಲ." ಗಾಡಿಯನ್ನು ಹೇಗೋ ಮನೆ ಮುಟ್ಟಿಸಿದರು. ಪಟ್ಟದಾನೆಯ ಮೈಮೇಲೆ ಬಟ್ಟೆ ಹೊದಿಸಿ ಶೆಡ್ಡಿನಲ್ಲಿ ನಿಲ್ಲಿಸಿದರು. ಭಾವ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತು ತಂಗಿಯ ಮನೆಗೆ ಬಂದರು.

ಬಂದವರು ಮೇಸ್ತ್ರಿಯ ಕೊರಳಪಟ್ಟಿ ಹಿಡಿದು ಜಗಳ ತೆಗೆದಿದ್ದರೆ ಎಷ್ಟೋ ವಾಸಿಯಿತ್ತು. ಭಾವ ಹಾಗೆ ಮಾಡುವ ಪೈಕಿಯಲ್ಲ. ಹೊಸಿಲು ದಾಟುತ್ತಲೇ, "ನಿಮಗೊಂದು ಕೆಟ್ಟ ಹೆಸರು ತಂದೆ ಭಾವ" ಎಂದರು.

"ನನಗ್ಯಾಕೆ ಕೆಟ್ಟ ಹೆಸರು?"

"ನಿಮ್ಮ ಸಂಬಂಧಿಕ ಅಂತ ಎಲ್ಲರಿಗೂ ಗೊತ್ತಲ್ಲ. ನಿಮ್ಮ ಮೂಗು ಸುಳ್ಳು ಹೇಳಲ್ಲ. ಅಂದ್ಮೇಲೆ ನಾನೇ ಟ್ಯಾಂಕಿನ ಮುಚ್ಚಳ ಸರಿಯಾಗಿ ಹಾಕಿಲ್ಲ. ಇಲ್ಲಾ, ಕೂಲಂಟ್ ಹಾಕ್ದೆ ಅಂದ್ಕೊಂಡು ಹಾಕೇ ಇಲ್ಲ. ಹಾಕಿದ ಹಾಗೇ ನೆನಪು. ನೆನಪನ್ನ ನಂಬೋ ವಯಸ್ಸಾ ಇದು?"



ಆ ಮನೆಯಲ್ಲಿ ಮುಚ್ಚಳಗಳ ಕಾಲ ಶುರುವಾದದ್ದು ಹೀಗೆ. ತನ್ನ ಕೈ ತನಗೆ ಮೋಸ ಮಾಡಿದೆ ಎಂದು ನಂಬಿದ ಭಾವ, ಕಣ್ಣಿಗೆ ಬಿದ್ದ ಮುಚ್ಚಳವನ್ನೆಲ್ಲ ಬಿಗಿ ಮಾಡತೊಡಗಿದರು. ಒಂದು ಸಲ ತಿರುಗಿಸಿ, ಹಿಂದೆ ಸರಿದು ನೋಡಿ, ಮತ್ತೆ ಬಂದು ಇನ್ನೊಂದು ಸುತ್ತು. ಎಣ್ಣೆ ಬಾಟ್ಲಿ, ನೀರಿನ ಬಾಟ್ಲಿ, ಔಷಧಿ, ಶಾಂಪೂ, ಯಾವುದೂ ಬಚಾವಾಗಲಿಲ್ಲ. ಮೂವತ್ತು ವರ್ಷ ಸ್ಟೇರಿಂಗ್ ತಿರುಗಿಸಿದ ಮುಂಗೈ. ಅದು ಮುಚ್ಚಿದ್ದನ್ನು ಬಿಚ್ಚುವುದೆಂದರೆ ಮನೆಯ ಹೆಂಗಸಿಗೆ ಕುಸ್ತಿ.

"ಅಣ್ಣಾ, ಈ ಸಕ್ಕರೆ ಡಬ್ಬಿ ಮುಚ್ಚಿದ್ದು ನೀನಾ?" ಎಂದು ಒಂದು ಬೆಳಿಗ್ಗೆ ಹೆಂಡತಿ ಅಡುಗೆಮನೆಯಿಂದ ಕೂಗಿದಳು.

ಭಾವ ಎದ್ದು ನಿಂತರು. "ಸಡಿಲ ಬಿಟ್ಟಿದ್ನಾ?"

"ಸಡಿಲಾನಾ! ಕಳ್ಳ ನುಗ್ಗಿದ್ರೂ ಸಪ್ಪೆ ಟೀ ಕುಡ್ಕೊಂಡು ಹೋಗ್ಬೇಕು, ಹಾಗೆ ಬಿಗಿದಿದೀಯ. ರೀ, ಬನ್ರೀ ಇಲ್ಲಿ, ಇದೊಂದು ತೆಗೀರಿ."

ಮೇಸ್ತ್ರಿ ಡಬ್ಬಿಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಬಟ್ಟೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದ. ಮುಚ್ಚಳ ಕಿರುಗುಟ್ಟಿದ ಸದ್ದು ಅವನ ಎದೆಯೊಳಗಿಂದ ಬಂದಂತಿತ್ತು. ಹೆಂಡತಿ ನಗುತ್ತಿದ್ದಳು. ಭಾವ ಮಾತ್ರ, ಪರವಾಗಿಲ್ಲ, ಬಿಗಿಯಾಗೇ ಇತ್ತು ಎಂದು ಸಮಾಧಾನಪಟ್ಟುಕೊಂಡು ಕೂತರು.

ಇಷ್ಟಕ್ಕೂ ಮೇಸ್ತ್ರಿಗೆ ಸತ್ಯ ಗೊತ್ತಿತ್ತೆ? ಇಲ್ಲ. ಗಾಡಿ ಸೋರುತ್ತಿತ್ತೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ತನ್ನ ತೀರ್ಪಿನಲ್ಲಿ ಗಾಳಿ ಬಿಟ್ಟು ಇನ್ನೇನೂ ಇರಲಿಲ್ಲ ಎಂಬುದಷ್ಟೇ ಗೊತ್ತಿತ್ತು. ಆದ್ದರಿಂದ ಅವನು ಒಂದು ನಾಚಿಕೆಗೇಡಿನ ಆಸೆಗೆ ಬಿದ್ದ. ಭಾವ ನಿಜಕ್ಕೂ ಮರೆಗುಳಿಯಾಗಿರಲಿ ಎಂದು ಹಾರೈಸತೊಡಗಿದ. ಮರೆವು ಸಾಬೀತಾದರೆ ತನ್ನ ತಲೆಯ ಮೇಲಿನ ಭಾರ ಇಳಿಯುತ್ತಿತ್ತು. ಮನೆಯಲ್ಲಿ ಕೂತ ನೆಂಟನ ಮೇಲೆ ಪತ್ತೇದಾರಿಕೆ ಶುರುವಾಯಿತು.

"ಭಾವ, ಅಂಗಡಿಗೆ ಹೋಗ್ತಿದೀರಲ್ಲ, ಸೂಜಿ, ಕರಿ ನೂಲು, ಬಲ್ಬು, ಬಟ್ಟೆ ಸೋಪು, ನನಗೊಂದು ಬ್ಲೇಡು, ಅವಳಿಗೆ ತಲೆನೋವಿನ ಮಾತ್ರೆ" ಎಂದು ಒಂದೇ ಉಸಿರಿಗೆ ಹೇಳಿ, ಬರೆದುಕೊಳ್ಳುವುದಕ್ಕೆ ಅವಕಾಶ ಕೊಡದೆ ಕಳಿಸಿದ. ಭಾವ ಎಲ್ಲವನ್ನೂ ತಂದರು. ಚೀಲದ ತಳದಲ್ಲಿ ಮೇಣದಬತ್ತಿಯೂ ಇತ್ತು.

"ಇದನ್ನ ನಾನು ಹೇಳಿರಲಿಲ್ಲವಲ್ಲ" ಎಂದ ಮೇಸ್ತ್ರಿ, ಕಣ್ಣಲ್ಲಿ ಆಸೆ ಹೊಳೆಯಿಸಿ.

"ಹೋದ ಸಲ ಕರೆಂಟ್ ಹೋದಾಗ ತರಬೇಕು ಅಂದಿದ್ರಿ. ನೀವು ಮರ್ತಿದ್ರಿ ಅನ್ಸುತ್ತೆ."

ಹೀಗೆ ಪತ್ತೇದಾರನ ಪ್ರತಿಯೊಂದು ಬಲೆಗೂ ಪತ್ತೇದಾರನೇ ಸಿಕ್ಕಿಬಿದ್ದ. ಅವನಿಗೆ ಊಟ ಸೇರಲಿಲ್ಲ. ಮೊದಲೇ ವಾಸನೆಯಿಲ್ಲದ ಊಟ, ಈಗ ಎದುರಿಗೆ ಭಾವ ಕೂತು "ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ ಭಾವ, ದುಡಿಯೋರು ನೀವು" ಎನ್ನುತ್ತಿದ್ದರು. ಕನ್ನಡಿಯ ಮುಂದೆ ಮುಖಕ್ಷೌರ ಮಾಡಿಕೊಳ್ಳುವಾಗ ಮೂಗನ್ನು ನೋಡಿದರೆ ಮೈಯುರಿಯುತ್ತಿತ್ತು. ಕೆಲಸ ಬಿಟ್ಟು ಓಡಿಹೋದ ಮೇಲೂ ಬಾಗಿಲ ಮುಂದೆ ಬೋರ್ಡು ನೇತುಹಾಕಿಕೊಂಡು ನಿಂತಿತ್ತಲ್ಲ ಅದು.

ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದ. ತೆರೆದ ಬಾಯಿಂದ "ಇವತ್ತು ಸೆಖೆ ಜಾಸ್ತಿ" ಎಂಬಂಥವೇ ಹೊರಬಿದ್ದವು. ಮೂಗು ಸತ್ತಿದೆ ಎಂದರೆ ತನ್ನಲ್ಲಿ ಉಳಿಯುವುದೇನು? ಬೀದಿಯಲ್ಲಿ ಇರುವ ಹತ್ತಾರು ಮೇಸ್ತ್ರಿಗಳ ಜೊತೆಗೆ ಇನ್ನೊಬ್ಬ.

ಕೊನೆಗೆ ಅವನನ್ನು ಎಬ್ಬಿಸಿದ್ದು ಒಂದು ಶಾಲಾ ವ್ಯಾನು. ಗಿರಾಕಿಯೊಬ್ಬರು ಮಕ್ಕಳ ವ್ಯಾನಿಗೆ ನಿಧಾನಸ್ಥ ಡ್ರೈವರ್ ಬೇಕು ಎಂದಿದ್ದರು. ಮೇಸ್ತ್ರಿ ಖುಷಿಯಿಂದ ಓಡಿಬಂದು ಹೇಳಿದ. ಭಾವನಿಗೆ ಕೆಲಸ ಸಿಕ್ಕಿದರೆ ತನ್ನ ಪಾಪ ಅರ್ಧ ಕಳೆದ ಹಾಗೆ ಎಂದು ಅವನ ಲೆಕ್ಕ.

ಭಾವ ಎದ್ದು ಟ್ರಂಕು ತೆಗೆದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಡ್ರೈವಿಂಗ್ ಲೈಸೆನ್ಸ್ ತೆಗೆದು ಮೇಸ್ತ್ರಿಯ ಕೈಗಿಟ್ಟರು.

"ಇದನ್ನ ನಿಮ್ಮ ಬೀರುವಿನಲ್ಲಿ ಹಾಕಿಡಿ."

"ಯಾಕೆ?"

"ಡಾಕ್ಟರಮ್ಮ ಗಟ್ಟಿ ಮನುಷ್ಯರು, ನಡುರಸ್ತೆಯಲ್ಲಿ ಇಳ್ಕೊಂಡ್ರು. ಮಕ್ಕಳು ಏನ್ಮಾಡ್ತವೆ? ಕೂಲಂಟ್ ಮರೆತೋನು ನಾಳೆ ಬಾಗಿಲು ಹಾಕೋದು ಮರೀತೀನಿ. ಬೇಡ ಭಾವ. ನಾನಿನ್ನು ಗಾಡಿ ಮುಟ್ಟಲ್ಲ." ಇಷ್ಟು ಹೇಳಿ, ಟ್ರಂಕಿನ ಮುಚ್ಚಳ ಹಾಕಿ, ಅದನ್ನೂ ಎರಡು ಸಲ ಒತ್ತಿ ನೋಡಿದರು.

ಮೇಸ್ತ್ರಿ ಲೈಸೆನ್ಸನ್ನು ಬೀರುವಿನಲ್ಲಿ ಇಡಲಿಲ್ಲ. ಅಂಗಿಯ ಜೇಬಿಗೆ ಹಾಕಿಕೊಂಡು ನೇರವಾಗಿ ಬೀದಿಯ ಆ ತುದಿಗೆ ನಡೆದ. ಅಷ್ಟು ವರ್ಷದಲ್ಲಿ ಆ ದಿಕ್ಕಿಗೆ ಅವನ ಕಾಲು ತಿರುಗಿದ್ದು ಅದೇ ಮೊದಲು.

ಮೀಟರ್ ಬ್ಯಾಟರಿಯೊಂದಕ್ಕೆ ತಂತಿ ಸಿಕ್ಕಿಸಿಕೊಂಡು ಕೂತಿದ್ದ. ತಲೆಯೆತ್ತಿ ನೋಡಿ, "ಓಹೋ, ಮಹಾರಾಜರು! ದಾರಿ ತಪ್ಪಿತೋ ಹೇಗೆ?" ಎಂದ.

"ಆ ಪಂಪು ಒಂದು ದಿನಕ್ಕೆ ಬೇಕಿತ್ತು."

"ಯಾವ ಪಂಪು? ಮೂಗಿಲ್ಲದೋರು ಹೊಡಿಯೋ ಪಂಪಾ?"

"ಅದೇ."

"ಯಾಕೆ, ಮೂಗಿಗೆ ಇವತ್ತು ರಜೆನಾ?"

ಮೀಟರ್ ಎದ್ದು ಕೈ ಒರೆಸಿಕೊಂಡು, ದನಿ ತಗ್ಗಿಸಿ ಹೇಳಿದ, "ನೋಡು, ನಿನ್ನ ಬೆಂಚಿನ ಕೆಳಗೆ ಇಲಿ ಸತ್ತು ಬಿದ್ದಿತ್ತಲ್ಲ, ನೆನಪಿದ್ಯಾ? ಇಡೀ ಬೀದಿ ಕರ್ಚೀಫ್ ಕಟ್ಕೊಂಡು ಓಡಾಡ್ತಿತ್ತು. ನೀನೊಬ್ಬ ಅದೇ ಬೆಂಚಿನ ಮೇಲೆ ಕಾಲು ಇಳಿಬಿಟ್ಕೊಂಡು, ಡಬ್ಬಿ ಬಿಚ್ಚಿ, ಹಾಡು ಗುನುಗ್ತಾ ಊಟ ಮಾಡ್ತಿದ್ದೆ. ಅವತ್ತೇ ಗೊತ್ತಾಯ್ತು ನನಗೆ."

"ಯಾರಿಗೂ ಹೇಳಲಿಲ್ವಲ್ಲ ನೀನು."

"ಹೇಳಿದ್ರೆ ಸಂಜೆ ಟೀ ಜೊತೆ ಮಾತಿಗೆ ಏನಿರ್ತಿತ್ತು? ತಗೋ. ರಬ್ಬರ್ ಹುಷಾರು, ನೀನು ಉಗುರು ಹಾಕಿ ಕೀಳೋ ಜಾತಿ."

ಕ್ಲಿನಿಕ್ಕಿಗೆ ರಜೆಯಿದ್ದ ದಿನ ಬೆಳಿಗ್ಗೆ ಮೇಸ್ತ್ರಿ ಭಾವನನ್ನು ಕರೆದುಕೊಂಡು ಡಾಕ್ಟರಮ್ಮನ ಶೆಡ್ಡಿಗೆ ಹೋದ. ಇನ್ನೊಂದು ಸಲ ನೋಡುತ್ತೇನೆ, ಕೂಲಿ ಬೇಡ ಎಂದು ಮೊದಲೇ ಹೇಳಿಟ್ಟಿದ್ದ. ಭಾವ ಬರಲು ಒಪ್ಪಿರಲಿಲ್ಲ. "ಲೈಟ್ ಹಿಡಿಯೋಕೆ ಒಂದು ಕೈ ಬೇಕು ಭಾವ" ಎಂದಮೇಲೆ ಬಂದರು. ಬಂದು, ಬಟ್ಟೆ ಹೊದ್ದು ನಿಂತಿದ್ದ ಪಟ್ಟದಾನೆಯ ಮುಂದೆ, ಪರರ ಮನೆ ಬಾಗಿಲಲ್ಲಿ ಚಪ್ಪಲಿ ಕಳಚಿದವರ ಹಾಗೆ, ಸಂಕೋಚದಿಂದ ನಿಂತರು.

ಬಾನೆಟ್ ಎತ್ತಿದ. ಕನ್ನಡಕ ಮೂಗಿನ ಮೇಲೆಯೇ ಇತ್ತು. ಟ್ಯಾಂಕಿಗೆ ಬರೀ ನೀರು ತುಂಬಿಸಿ, ಬಾಯಿಗೆ ಪಂಪು ಕೂರಿಸಿ, ಗಾಳಿ ಹೊಡೆದ. ಮುಳ್ಳು ಏರಿ ನಿಂತಿತು. ಇಬ್ಬರೂ ಬಗ್ಗಿ ನೋಡಿದರು. ಮೊದಲು ಅದು ನಿಂತೇ ಇದೆ ಎನ್ನಿಸಿತು. ಆ ಗಳಿಗೆಯಲ್ಲಿ ಮೇಸ್ತ್ರಿಯ ಮನಸ್ಸಿನಲ್ಲಿ, ಹೇಳಲು ಹೇಸಿಗೆಯಾಗುವಂಥ ಒಂದು ಸಣ್ಣ ಸಂತೋಷ ತಲೆಯೆತ್ತಿತು. ಆಮೇಲೆ ಮುಳ್ಳು ಕದಲಿತು. ಮುದುಕರು ಮೆಟ್ಟಿಲು ಇಳಿಯುವ ಹಾಗೆ, ನಿಧಾನವಾಗಿ, ಆದರೆ ಇಳಿಯುತ್ತಲೇ ಹೋಯಿತು.

ರೇಡಿಯೇಟರಿನ ಹೊರಮೈ ಒಣಗಿತ್ತು. ಪೈಪುಗಳೂ ನೆಲವೂ ಒಣಗಿದ್ದವು. ಸೋರುವುದು ಖಂಡಿತ, ಸೋರಿದ್ದು ಹೋಗುವುದೆಲ್ಲಿಗೆ? ಪಟ್ಟದಾನೆಯ ಇಂಜಿನ್ನಿನಲ್ಲಿ ಸಿಲಿಂಡರುಗಳು ಎರಡು ಸಾಲಾಗಿ ಓರೆಯಾಗಿ ಕೂತಿರುತ್ತವೆ. ಅವುಗಳ ನಡುವೆ ಒಂದು ಕಣಿವೆ. ಕಣಿವೆಯ ಮೇಲೆ, ಇಂಜಿನ್ನಿಗೆ ಗಾಳಿ ಹಂಚುವ ದೊಡ್ಡ ಪೆಟ್ಟಿಗೆಯೊಂದು ಚಾವಣಿಯ ಹಾಗೆ ಕೂತಿರುತ್ತದೆ. ಅದನ್ನು ಬಿಚ್ಚದೆ ಒಳಗಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಸ್ತ್ರಿ ಒಂದೊಂದೇ ಬೋಲ್ಟು ಬಿಚ್ಚಿದ. ಭಾವ ಅವನ್ನು ಬಿಚ್ಚಿದ ಕ್ರಮದಲ್ಲೇ ಒಂದು ಹಲಗೆಯ ಮೇಲೆ ಜೋಡಿಸುತ್ತ ಹೋದರು. ಮರೆಗುಳಿ ಎನ್ನಿಸಿಕೊಂಡ ಮನುಷ್ಯ ಜೋಡಿಸಿದ ಆ ಸಾಲನ್ನು ಮೇಸ್ತ್ರಿ ಎರಡೆರಡು ಸಲ ತಿರುಗಿ ನೋಡಿದ.

ಪೆಟ್ಟಿಗೆ ಎತ್ತಿದಾಗ ಕಣಿವೆಯಲ್ಲಿ ಕೂಲಂಟಿನ ಗುಲಾಬಿ ಬಣ್ಣದ ಕೆರೆಯೊಂದು ಹೊಳೆಯಿತು.

ಒಳಗೆ ಹಾದುಹೋಗುವ ಪ್ಲಾಸ್ಟಿಕ್ ಪೈಪು ವರ್ಷಗಟ್ಟಲೆ ಬಿಸಿ ತಿಂದು ಬಿಸ್ಕತ್ತಿನಂತಾಗಿತ್ತು. ಬೆರಳು ತಾಗಿದ್ದೇ ಒಂದು ಚೂರು ಕಳಚಿ ಬಂತು. ಅಲ್ಲಿಂದ ಹನಿ ಹನಿಯಾಗಿ ಕಣಿವೆಗೆ ಇಳಿದದ್ದು, ಇಂಜಿನ್ ಕಾದಾಗ ಅಲ್ಲೇ ಆವಿಯಾಗಿ ಹೋಗುತ್ತಿತ್ತು. ನೆಲಕ್ಕೆ ಒಂದು ತೊಟ್ಟೂ ಬೀಳುತ್ತಿರಲಿಲ್ಲ. ಹೊರಗೆ ಬರುತ್ತಿದ್ದುದು ಒಂದೇ ಒಂದು ಸುಳಿವು, ಸಕ್ಕರೆ ಪಾಕದ ಆ ಸಿಹಿ ವಾಸನೆ. ಇಡೀ ಬೀದಿಯಲ್ಲಿ ಮೂಗಿನಿಂದಲೇ ಹಿಡಿಯಬೇಕಾಗಿದ್ದ ಸೋರಿಕೆ ಯಾವುದಾದರೂ ಇದ್ದರೆ ಅದು ಇದೇ. ಅವನ ಇಡೀ ಜೀವನ ಅವನನ್ನು ತಯಾರು ಮಾಡಿದ್ದು ಈ ಒಂದು ಗಾಡಿಗಾಗಿ. ಅದು ಬಂದಾಗ ಮೂಗು ಮನೆಯಲ್ಲಿರಲಿಲ್ಲ.

ಭಾವ ಲೈಟು ಹಿಡಿದುಕೊಂಡೇ ಬಗ್ಗಿದರು. ಆ ಗುಲಾಬಿ ನೀರಿಗೆ ಬೆಳಕು ಬಿಟ್ಟು ನೋಡಿದರು.

"ಇದು ನಾನು ಹಾಕಿದ್ದೇ ಅಲ್ವಾ ಭಾವ?" ಎಂದರು. ದನಿ ಬೇರೆಯಾಗಿತ್ತು. "ನಾನು ಹಾಕಿದ್ದೇ! ಎಲ್ಲಾ ಇಲ್ಲೇ ಇದೆ ನೋಡಿ!"

"ಹೂಂ. ನೀವು ಹಾಕಿದ್ದೇ."

ಭಾವ ಒಮ್ಮೆ ನಕ್ಕರು. ಆಮೇಲೆ ಇನ್ನೊಂದು ಯೋಚನೆ ಬಂದು ಮುಖ ಗಂಭೀರವಾಯಿತು. ತನ್ನ ಖುಷಿಯಲ್ಲಿ ಮನೆಯವನ ಮರ್ಯಾದೆ ಹೋಗಬಾರದಲ್ಲ. "ನೀವು ನೋಡಿದ ಮೇಲೆ ಒಡೆದಿರ್ಬೇಕು ಭಾವ. ಆವತ್ತು ಸರಿಯಾಗೇ ಇತ್ತು. ನಿಮ್ಮ ಮೂಗು ತಪ್ಪಲ್ಲ. ಅಮ್ಮನಿಗೆ ಹಾಗೇ ಹೇಳೋಣ."

ತಪ್ಪಿಸಿಕೊಳ್ಳುವುದಕ್ಕೆ ಬಾಗಿಲು ತೆರೆದು, ದೀಪ ಹಚ್ಚಿ, ದಾರಿ ತೋರಿಸಿ ನೀವು ಮೊದಲು ಎಂದಂತಾಯಿತು. ಮೇಸ್ತ್ರಿ ಕಣಿವೆಯ ಗೋಡೆ ನೋಡಿದ. ಆವಿಯಾದ ಕೂಲಂಟು ಅಲ್ಲಿ ಪದರ ಪದರವಾಗಿ ಬಿಳಿ ಹಕ್ಕಳೆ ಕಟ್ಟಿತ್ತು. ಇದು ತಿಂಗಳುಗಟ್ಟಲೆ ಹಳೆಯದು ಎಂದು ಹೇಳುವ ಸಾಕ್ಷಿ ಇದ್ದದ್ದು ಅದೊಂದೇ. ಪೈಪು ಹಾಕುವ ಮುಂಚೆ ತಂತಿ ಬ್ರಷ್ಷಿನಿಂದ ಅದನ್ನು ಉಜ್ಜಿ ತೆಗೆಯಲೇಬೇಕು. ಬ್ರಷ್ಷು ಕೈಯಲ್ಲೇ ಇತ್ತು. ನಾಲ್ಕು ಸಲ ಉಜ್ಜಿದರೆ ಭಾವನಿಗೆ ಕೆಲಸ, ಮೂಗಿಗೆ ಮರ್ಯಾದೆ, ಎರಡೂ ಉಳಿಯುತ್ತಿದ್ದವು. ಆದರೆ ಭಾವ? ಆವತ್ತು ಸೋರುತ್ತಿರಲಿಲ್ಲ ಎಂದಾದರೆ, ಅದಕ್ಕೆ ಮುಂಚೆ ಮತ್ತೆ ಮತ್ತೆ ತುಂಬಿಸಿದ್ದೆಲ್ಲ ಸುಳ್ಳಾಗಿಯೇ ಉಳಿಯುತ್ತಿತ್ತು. ಸಕ್ಕರೆ ಡಬ್ಬಿ ಬಿಗಿಯಾಗಿಯೇ ಇರುತ್ತಿತ್ತು.

ಅಷ್ಟರಲ್ಲಿ ಡಾಕ್ಟರಮ್ಮ ಬಂದು ಬಾನೆಟ್ಟಿನೊಳಗೆ ಇಣುಕಿದರು. "ಏನಿದು? ಸೋರಿದ್ಯಾ? ಈಗ ಆಗಿದ್ದೋ ಹಳೇದೋ?"

ಮೇಸ್ತ್ರಿ ಬ್ರಷ್ಷನ್ನು ಹಲಗೆಯ ಮೇಲಿಟ್ಟ.

"ಹಳೇದು ತಾಯಿ. ನೀವು ನನ್ನ ಹತ್ರ ತಂದಾಗಲೂ ಸೋರ್ತಿತ್ತು. ಇಲ್ಲಿ ಪದರ ನೋಡಿ. ನಮ್ಮ ಭಾವ ಹೇಳಿದ್ದೆಲ್ಲ ನಿಜ."

"ಮತ್ತೆ ನೀವು ಮೂಸಿ ನೋಡಿದ್ರಲ್ಲ?"

"ಮೂಸಿದೆ. ವಾಸನೆ ಬರಲಿಲ್ಲ. ಜ್ವರ ಬಂದಾಗಿನಿಂದ ನನಗೆ ಯಾವ ವಾಸನೇನೂ ಬರಲ್ಲ. ಈಗ್ಲೂ ಇಲ್ಲ."

ಒಂದು ಸಾಮ್ರಾಜ್ಯ ಬಿದ್ದದ್ದಕ್ಕೆ ನಗಾರಿಯೇನೂ ಮೊಳಗಲಿಲ್ಲ. ಪೈಪಿನಿಂದ ಒಂದು ಹನಿ ಕಣಿವೆಗೆ ಬಿದ್ದು ತೊಟ್ ಎಂದಿತು.

ಡಾಕ್ಟರಮ್ಮ ಮೇಸ್ತ್ರಿಯನ್ನು ಬಿಟ್ಟು ಭಾವನ ಕಡೆ ತಿರುಗಿದರು. "ಹಲ್ಲು ನೋವು ಅಂತ ಬಂದೋರಿಗೆ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ರೂ ನಾನು ನೀವು ಸುಳ್ಳು ಹೇಳ್ತಿದೀರಿ ಅನ್ನಲ್ಲ. ನಿಮ್ಮನ್ನ ಮಾತ್ರ ಅಂದ್ಬಿಟ್ಟೆ. ತಪ್ಪು ನಂದು. ಕೋಣೆ ಹಾಗೇ ಇದೆ, ವಾಪಸ್ ಬನ್ನಿ."

"ನೋಡ್ತೀನಿ ಅಮ್ಮ" ಎಂದರು ಭಾವ. ಅವರ ಕಣ್ಣು ಮೇಸ್ತ್ರಿಯ ಮೇಲಿತ್ತು. ಡಾಕ್ಟರಮ್ಮ ಒಳಗೆ ಹೋದಮೇಲೆ ಕೇಳಿದರು, "ವಾಸನೆ ಬರಲಿಲ್ಲ, ಸರಿ. ತುಂಬಿಸೋರು ತುಂಬಿಸಿದ್ರೆ ಅಂತ ಯಾಕಂದ್ರಿ?"

ಮೇಸ್ತ್ರಿ ಎಷ್ಟೋ ಉತ್ತರ ಹುಡುಕಿದ. ಸಿಕ್ಕಿದ್ದು ಒಂದೇ.

"ಕೇಳೋಕೆ ಚೆನ್ನಾಗಿತ್ತು, ಅದಕ್ಕೆ."

ಜೇಬಿನಿಂದ ಲೈಸೆನ್ಸ್ ತೆಗೆದು ಚಾಚಿದ. ಭಾವ ಅದನ್ನು ತೆಗೆದುಕೊಂಡರು. ಲೈಟನ್ನು ಬಾನೆಟ್ಟಿಗೆ ನೇತುಹಾಕಿ, ಒಬ್ಬರೇ ನಡೆದು ಮನೆಗೆ ಹೋದರು. ನೀವು ಮೊದಲು ಎನ್ನಲಿಲ್ಲ.

ಹೊಸ ಪೈಪು ಬರುವುದು ಸ್ವಲ್ಪ ತಡವಾಯಿತು. ಬಂದಮೇಲೆ ಮೇಸ್ತ್ರಿ ಕಣಿವೆ ಉಜ್ಜಿ, ಪೈಪು ಕೂರಿಸಿ, ಸೀಲುಗಳನ್ನೆಲ್ಲ ಹೊಸದಾಗಿ ಹಾಕಿ, ಭಾವ ಜೋಡಿಸಿಟ್ಟ ಸಾಲಿನಲ್ಲೇ ಬೋಲ್ಟುಗಳನ್ನು ಬಿಗಿದ. ಕೂಲಂಟ್ ತುಂಬಿಸಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುವವರೆಗೆ ಇಂಜಿನ್ ಓಡಿಸಿ, ತಣ್ಣಗಾದಮೇಲೆ ಮತ್ತೆ ಪಂಪು ಹೊಡೆದ. ಮುಳ್ಳು ಏರಿದಲ್ಲೇ ನಿಂತಿತು. ಅದನ್ನೇ ನೋಡುತ್ತ ಅವನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಕೂತ.

ಬೀದಿಗೆ ಸುದ್ದಿ ಅವನೇ ಮುಟ್ಟಿಸಿದ. ಟೀ ಅಂಗಡಿಯಲ್ಲಿ ಅದು ಸಂಜೆಯವರೆಗಲ್ಲ, ವಾರಗಟ್ಟಲೆ ಓಡಾಡಿತು. ಕರವಸ್ತ್ರ ಈಗ ಕೈ ಒರೆಸುವುದಕ್ಕೆ. ಗಿರಾಕಿಗಳಲ್ಲಿ ಕೆಲವರು ಹೋದರು, ಹೆಚ್ಚಿನವರು ಉಳಿದರು. ಹೆಸರು ಮಾತ್ರ ಮೂಗು ಮೇಸ್ತ್ರಿ ಎಂದೇ ಉಳಿಯಿತು. ಬೀದಿಗೆ ಅಷ್ಟು ಸುಲಭವಾಗಿ ಕರುಣೆ ಬರುವುದಿಲ್ಲ.

ಭಾವ ಡಾಕ್ಟರಮ್ಮನ ಕೆಲಸಕ್ಕೆ ಹಿಂತಿರುಗಲಿಲ್ಲ. ಶಾಲೆಯ ವ್ಯಾನಿಗೆ ಸೇರಿದರು. ಕೋಣೆ ಸಿಗುವವರೆಗೆ ತಂಗಿಯ ಮನೆಯಲ್ಲೇ ಇದ್ದರು. ಮೇಸ್ತ್ರಿಯ ಜೊತೆ ಮಾತಿಲ್ಲ. ಏನಾದರೂ ಹೇಳಬೇಕಾದರೆ ತಂಗಿಗೆ ಹೇಳುತ್ತಿದ್ದರು, ಮೇಸ್ತ್ರಿ ಎದುರಿಗೇ ಕೂತಿದ್ದರೂ. ತಂಗಿಗೂ ವಿಷಯ ತಿಳಿದಿತ್ತು. "ಅಣ್ಣ ಸಾರಿ ಅಂದ್ರೆ ಕರಗೋ ಜನ ಅಲ್ಲ. ನೀವು ಸುಮ್ನೆ ಅನುಭವಿಸಿ" ಎಂದಿದ್ದಳು. ಆದರೆ ಒಂದು ಬೆಳಿಗ್ಗೆ ಅವಳು ಮಾತಿನ ಮಧ್ಯೆ ಎರಡೇ ಬೆರಳಲ್ಲಿ ಸಕ್ಕರೆ ಡಬ್ಬಿ ತೆಗೆದು ಟೀಗೆ ಸಕ್ಕರೆ ಹಾಕಿದಳು. ಎಣ್ಣೆ ಬಾಟ್ಲಿಯೂ ಹಾಗೇ, ಶಾಂಪೂವೂ ಹಾಗೇ. ಮನೆಯ ಮುಚ್ಚಳಗಳೆಲ್ಲ ಯಾವಾಗಲೋ ಮನುಷ್ಯರು ಮುಚ್ಚಿದ ಹಾಗಾಗಿದ್ದವು. ಮೇಸ್ತ್ರಿ ಮುಖ ಆಚೆ ತಿರುಗಿಸಿ ಟೀ ಕುಡಿದ.

ಅದೇ ದಿನ ಮಧ್ಯಾಹ್ನ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಊಟದ ಡಬ್ಬಿ ತೆಗೆದುಕೊಂಡ. ಮುಚ್ಚಳ ಅಲ್ಲಾಡಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದ. ಮಂಡಿಗಳ ನಡುವೆ ಸಿಕ್ಕಿಸಿ ತಿರುಗಿಸಿದ. ಬೆಂಚಿನ ಅಂಚಿಗೆ ಕುಟ್ಟಿದ. ಎದುರಿನ ಟೀ ಅಂಗಡಿಯಿಂದ ಯಾರೋ "ಮೂಸಿ ನೋಡು ಮೇಸ್ತ್ರಿ, ಎಲ್ಲಿ ಹಿಡ್ಕೊಂಡಿದೆ ಗೊತ್ತಾಗುತ್ತೆ" ಎಂದು ಕೂಗಿದರು. ಕೊನೆಗೆ ಡಬ್ಬಿಯನ್ನು ಎತ್ತಿಕೊಂಡು ಬೀದಿಯ ಆ ತುದಿಗೆ ಹೋದ.

ಮೀಟರ್ ಅದನ್ನು ಆಯಿಲ್ ಫಿಲ್ಟರ್ ಬಿಚ್ಚುವ ಪಟ್ಟಿ ಸ್ಪ್ಯಾನರಿನಿಂದ ಹಿಡಿದು, ಕಾಲು ಊರಿ, ಕೆಂಪಾಗಿ, ಅಂತೂ ಬಿಚ್ಚಿದ. ಏದುಸಿರು ಬಿಡುತ್ತ, "ಯಾರಪ್ಪಾ ಇದನ್ನ ಮುಚ್ಚಿದ್ದು?" ಎಂದು ಕೇಳಿದ.

"ನಮ್ಮ ಭಾವ."

"ಬಿಗಿ ಮಾಡೋದು ಬಿಟ್ರು ಅಂತ ಬೆಳಿಗ್ಗೆ ತಾನೇ ಅಂದಿದ್ದೆ? ಮರೆತು ಮಾಡಿರ್ಬೇಕು."

ಮೇಸ್ತ್ರಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ವಾಸನೆಯೇನೂ ಬರಲಿಲ್ಲ. ಹಸಿವು ಮಾತ್ರ ಚೆನ್ನಾಗಿ ಆಗಿತ್ತು.

"ಇಲ್ಲ" ಎಂದ. "ಅವರು ಏನನ್ನೂ ಮರೆಯೋರಲ್ಲ."